ಲಂಡನ್‌ಗೆ ಚಾರ್ಟರ್ ಜೆಟ್ ಅಂದ್ರೆ ಯಾವ ಲಂಡನ್‌ಗೆ?

ಪ್ರೈವೇಟ್ ಜೆಟ್ ಬಾಡಿಗೆಗೆ ತಗೊಂಡು ಲಂಡನ್‌ಗೆ ಹೋಗ್ಬೇಕು ಅಂತ ಯಾರಾದ್ರೂ ಬ್ರೋಕರ್‌ಗೆ ಫೋನ್ ಮಾಡಿದ್ರೆ ಮಾತು ಶುರುವಾಗೋದೇ ವಿಮಾನದ ಬಗ್ಗೆ. ಎಷ್ಟು ಸೀಟು, ಮಲಗೋಕಾಗುತ್ತಾ, ವೈಫೈ ಇದ್ಯಾ, ಎಷ್ಟಾಗುತ್ತೆ. ಆದ್ರೆ ಮೊದಲು ಕೇಳ್ಬೇಕಾಗಿರೋದು ಬೇರೆ ಎರಡು ಪ್ರಶ್ನೆ: ಲಂಡನ್‌ನಲ್ಲಿ ಎಲ್ಲಿ ಇಳೀತೀವಿ, ಅಲ್ಲಿ ಎಷ್ಟೊತ್ತಿಗೆ ಇಳಿಯೋಕೆ ಬಿಡ್ತಾರೆ. ಬಾಕಿ ಎಲ್ಲಾ, ಅಂದ್ರೆ ಯಾವ ವಿಮಾನ, ಎಷ್ಟು ದುಡ್ಡು, ಮನೆಯಿಂದ ಎಷ್ಟೊತ್ತಿಗೆ ಹೊರಡ್ಬೇಕು, ಈ ಎರಡು ಉತ್ತರದ ಮೇಲೇ ನಿಂತಿರುತ್ತೆ.

ಒಂದು ಉದಾಹರಣೆ ಇಟ್ಕೊಳ್ಳೋಣ, ಲೇಖನ ಪೂರ್ತಿ ಅದನ್ನೇ ಹಿಡ್ಕೊಂಡು ಹೋಗ್ತೀನಿ. ನಾಲ್ಕು ಜನ, ಜಿನೀವಾದಿಂದ ಲಂಡನ್‌ಗೆ, ಚಳಿಗಾಲದ ಒಂದು ಭಾನುವಾರ ಬೆಳಗ್ಗೆ. ದೂರ ಸುಮಾರು 750 ಕಿಲೋಮೀಟರ್, ಹಾರಾಟ ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ. ಕೇಳೋಕೆ ಬಹಳ ಸಲೀಸು.

ಈ ನಾಲ್ಕು ಜನಕ್ಕೆ ಹೋಗ್ಬೇಕಾಗಿರೋದು ಕ್ಯಾನರಿ ವಾರ್ಫ್ ಅನ್ನೋ ಆಫೀಸುಗಳ ಪ್ರದೇಶದ ಹತ್ರ ಅಂತಿಟ್ಕೊಳ್ಳಿ. ನಕ್ಷೆ ನೋಡಿದ್ರೆ ಉತ್ತರ ಕಣ್ಣಿಗೇ ಹೊಡೆಯುತ್ತೆ, ಲಂಡನ್ ಸಿಟಿ ಏರ್‌ಪೋರ್ಟ್. ಅಲ್ಲಿಂದ ಕ್ಯಾನರಿ ವಾರ್ಫ್‌ಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ, ಪ್ರೈವೇಟ್ ಜೆಟ್‌ಗಳಿಗೆ ಅಂತ ಬೇರೆ ಟರ್ಮಿನಲ್ಲೂ ಇದೆ. ಆದ್ರೆ ಸಿಟಿ ಏರ್‌ಪೋರ್ಟ್ ಶನಿವಾರ ಮಧ್ಯಾಹ್ನ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಭಾನುವಾರ ಮಧ್ಯಾಹ್ನ 12:30ಕ್ಕೆ. ಸುತ್ತಮುತ್ತ ಮನೆ ಇರೋರಿಗೆ ವಾರದಲ್ಲಿ ಒಂದು ದಿನ ಆದ್ರೂ ಸದ್ದಿಲ್ಲದೆ ಇರ್ಲಿ ಅಂತ ಮಾಡಿರೋ ನಿಯಮ ಅದು. ಎಷ್ಟೇ ದುಡ್ಡು ಕೊಟ್ರೂ, ಯಾವ ವಿಮಾನ ತಂದ್ರೂ ಭಾನುವಾರ ಬೆಳಗ್ಗೆ ಅಲ್ಲಿ ಇಳಿಯೋಕಾಗಲ್ಲ. ಶನಿವಾರದ ಸಮಯ ಇನ್ನಷ್ಟು ಹೊತ್ತು ವಿಸ್ತರಿಸೋಕೆ ಏರ್‌ಪೋರ್ಟ್‌ನೋರು ಅನುಮತಿ ಕೇಳಿದ್ರು, 2024ರಲ್ಲಿ ಸರ್ಕಾರ ಪ್ರಯಾಣಿಕರ ಮಿತಿ ಹೆಚ್ಚಿಸೋಕೆ ಒಪ್ಪಿತು, ಶನಿವಾರದ ಸಮಯಕ್ಕೆ ಮಾತ್ರ ಒಪ್ಪಲಿಲ್ಲ. ನನಗಂತೂ ಅದು ಸರಿಯಾದ ತೀರ್ಮಾನ ಅನ್ಸುತ್ತೆ, ಅಲ್ಲಿ ಮನೆಗಳು ರನ್‌ವೇಗೆ ಅಷ್ಟು ಹತ್ರ ಇದಾವೆ.

ಸಿಟಿ ಏರ್‌ಪೋರ್ಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ "ಯಾವ ವಿಮಾನ" ಅನ್ನೋ ಪ್ರಶ್ನೆನ ಏರ್‌ಪೋರ್ಟೇ ಹೇಗೆ ನಿರ್ಧಾರ ಮಾಡುತ್ತೆ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ. 1987ರಲ್ಲಿ ಶುರುವಾದ ಏರ್‌ಪೋರ್ಟ್ ಇದು, ಹಳೇ ಹಡಗುಕಟ್ಟೆಗಳ ಮಧ್ಯೆ ಉಳಿದಿದ್ದ ಉದ್ದನೆ ಪಟ್ಟಿ ಜಾಗದಲ್ಲಿ ಕಟ್ಟಿದ್ದು, ರನ್‌ವೇ ಒಂದೇ, ಉದ್ದ 1,508 ಮೀಟರ್, ಒಂದು ಕಡೆ ರಾಯಲ್ ಆಲ್ಬರ್ಟ್ ಡಾಕ್ ನೀರು, ಇನ್ನೊಂದು ಕಡೆ ಕಿಂಗ್ ಜಾರ್ಜ್ ಐದನೇ ಡಾಕ್ ನೀರು. ಸುತ್ತ ಎತ್ತರದ ಕಟ್ಟಡಗಳಿರೋದ್ರಿಂದ, ಕೆಳಗಿನ ಮನೆಗಳಿಗೆ ಸದ್ದು ಕಮ್ಮಿ ಆಗ್ಲಿ ಅಂತಾನೂ, ವಿಮಾನ ಇಲ್ಲಿ ಕಡಿದಾಗಿ ಇಳೀಬೇಕು. ಸಾಮಾನ್ಯವಾಗಿ ಬೇರೆ ಕಡೆ ವಿಮಾನ ಇಳಿಯೋ ಕೋನ 3 ಡಿಗ್ರಿ, ಇಲ್ಲಿ 5.5 ಡಿಗ್ರಿ. ಎರಡೂವರೆ ಡಿಗ್ರಿ ವ್ಯತ್ಯಾಸ ತಾನೇ ಅನ್ಬೇಡಿ, ಲೆಕ್ಕ ಹಾಕಿ ನೋಡಿ: 3 ಡಿಗ್ರಿಯಲ್ಲಿ ವಿಮಾನ ಒಂದು ಕಿಲೋಮೀಟರ್ ಮುಂದೆ ಹೋಗೋ ಹೊತ್ತಿಗೆ ಸುಮಾರು 52 ಮೀಟರ್ ಕೆಳಗೆ ಬರುತ್ತೆ, 5.5ರಲ್ಲಿ ಸುಮಾರು 96 ಮೀಟರ್. ಹತ್ರ ಹತ್ರ ಎರಡರಷ್ಟು.

ಕಡಿದಾಗಿ ಇಳಿಯೋವಾಗ ವಿಮಾನದ ವೇಗ ತಾನಾಗೇ ಏರೋಕೆ ನೋಡುತ್ತೆ, ಇಳಿಜಾರಲ್ಲಿ ಸೈಕಲ್ ಬಿಟ್ಟ ಹಾಗೆ. ಆದ್ರೆ ರನ್‌ವೇ ಚಿಕ್ಕದಾಗಿರೋದ್ರಿಂದ ವೇಗ ಏರೋಕೆ ಬಿಡೋ ಹಾಗಿಲ್ಲ. ಹಾಗಾಗಿ ಗಾಳಿಗೆ ಅಡ್ಡ ನಿಲ್ಲಿಸಿ ವೇಗ ತಡೆಯೋ ವ್ಯವಸ್ಥೆ ಆ ವಿಮಾನದಲ್ಲಿ ಇರ್ಬೇಕು, ಕಡಿದಾದ ಇಳಿಕೆಗೆ ಅಂತಾನೇ ಅದಕ್ಕೆ ಪ್ರಮಾಣಪತ್ರ ಆಗಿರ್ಬೇಕು, ಮೇಲಿಂದ ಪೈಲಟ್‌ಗಳೂ ಈ ಏರ್‌ಪೋರ್ಟ್‌ಗೆ ಪ್ರತ್ಯೇಕ ತರಬೇತಿ ತಗೊಂಡಿರ್ಬೇಕು. ಡಸ್ಸೋ ಕಂಪನಿಯ ಫಾಲ್ಕನ್ 7ಎಕ್ಸ್, 8ಎಕ್ಸ್, ಪಿಲಾಟಸ್‌ನ ಪಿಸಿ-24 ಇಂಥವಕ್ಕೆ ಆ ಅನುಮತಿ ಇದೆ. ಎಷ್ಟೋ ಹೆಸರುವಾಸಿ ಜೆಟ್‌ಗಳಿಗೆ ಇಲ್ಲ. ಅಂದ್ರೆ ನೀವು ಮೊದಲೇ ವಿಮಾನ ಆರಿಸಿ, ಆಮೇಲೆ ಸಿಟಿಗೆ ಬಿಡಿ ಅಂದ್ರೆ, ಆಗಲ್ಲ ಅನ್ನೋ ಉತ್ತರ ಬರೋ ಸಾಧ್ಯತೆನೇ ಹೆಚ್ಚು. ಇನ್ನೊಂದು ವಿಷಯ ನನಗೆ ಯಾವಾಗ್ಲೂ ಬೆರಗು ಹುಟ್ಸುತ್ತೆ, 2021ರಿಂದ ಈ ಏರ್‌ಪೋರ್ಟ್‌ನ ಕಂಟ್ರೋಲ್ ಟವರ್‌ನಲ್ಲಿ ಮನುಷ್ಯರೇ ಇಲ್ಲ, ರನ್‌ವೇ ಪಕ್ಕದ ಕಂಬದ ಮೇಲಿರೋ ಕ್ಯಾಮೆರಾಗಳ ಚಿತ್ರ ನೂರು ಕಿಲೋಮೀಟರ್‌ಗಿಂತ ಆಚೆ ಹ್ಯಾಂಪ್‌ಶೈರ್‌ನ ಸ್ವಾನ್ವಿಕ್‌ಗೆ ಹೋಗುತ್ತೆ, ಕಂಟ್ರೋಲರ್‌ಗಳು ಅಲ್ಲಿ ಸ್ಕ್ರೀನ್ ಮುಂದೆ ಕೂತು ವಿಮಾನ ಇಳಿಸ್ತಾರೆ.

ಸರಿ, ಭಾನುವಾರ ಬೆಳಗ್ಗೆ ಸಿಟಿ ಇಲ್ಲ. ಮತ್ತೆಲ್ಲಿ?

ಹೀಥ್ರೂ ಅನ್ನೋದು ಎಲ್ಲರ ಬಾಯಿಗೂ ಮೊದಲು ಬರೋ ಹೆಸರು. ಅಲ್ಲಿ ವರ್ಷಕ್ಕೆ 4,80,000 ವಿಮಾನ ಸಂಚಾರ ಅಂತ ಕಾನೂನಿನ ಮಿತಿ ಇದೆ, ಅದು ಏರ್‌ಲೈನ್‌ಗಳಿಂದಲೇ ತುಂಬಿ ಹೋಗಿದೆ, ಚಿಕ್ಕ ಜೆಟ್‌ಗೆ ಜಾಗ ಸಿಗೋದು ಬಹಳ ಅಪರೂಪ. ಆ ಯೋಚನೆ ಬಿಟ್ಬಿಡಿ.

ಫಾರ್ನ್‌ಬರೋ ಅಂತ ಇದೆ, ನೈಋತ್ಯಕ್ಕೆ, ಲಂಡನ್ ಮಧ್ಯಭಾಗದಿಂದ ಅರವತ್ತು ಕಿಲೋಮೀಟರ್ ಮೇಲೆ. ಬ್ರಿಟನ್‌ನಲ್ಲಿ ಮೊದಲ ಬಾರಿಗೆ ಎಂಜಿನ್ ವಿಮಾನ ಹಾರಿದ್ದು ಇಲ್ಲೇ, 1908ರ ಅಕ್ಟೋಬರ್ 16ರಂದು ಸ್ಯಾಮ್ಯುಯೆಲ್ ಕೋಡಿ ಹಾರಿಸಿದ್ದು. ಈಗ ಇದು ಪೂರ್ತಿ ಬಿಸಿನೆಸ್ ಜೆಟ್‌ಗಳಿಗೇ ಮೀಸಲಾದ ಏರ್‌ಪೋರ್ಟ್, ಏರ್‌ಲೈನ್ ವಿಮಾನ ಒಂದೂ ಬರಲ್ಲ, ಅದಕ್ಕೇ ಎಲ್ಲಾ ಚಕಚಕ ಆಗುತ್ತೆ. ಆದ್ರೆ ಸಮಯ ಇಲ್ಲೂ ಬಿಗಿ, ವಾರದ ದಿನ ಬೆಳಗ್ಗೆ 7ರಿಂದ ರಾತ್ರಿ 10, ಶನಿವಾರ ಭಾನುವಾರ ಬೆಳಗ್ಗೆ 8ರಿಂದ ರಾತ್ರಿ 8. ರಾತ್ರಿ ಎಂಟೂ ಕಾಲಿಗೆ ಬರ್ತೀವಿ ಅಂದ್ರೆ ಬಾಗಿಲು ಹಾಕಿರುತ್ತೆ. ಬಿಗಿನ್ ಹಿಲ್ ಆಗ್ನೇಯಕ್ಕಿದೆ, 1940ರ ಬ್ಯಾಟಲ್ ಆಫ್ ಬ್ರಿಟನ್ ಹೊತ್ತಲ್ಲಿ ಯುದ್ಧವಿಮಾನಗಳ ದೊಡ್ಡ ನೆಲೆ ಆಗಿದ್ದ ಜಾಗ, ಅಲ್ಲಿಂದ ಥೇಮ್ಸ್ ದಂಡೆಯ ಬ್ಯಾಟರ್‌ಸೀ ಹೆಲಿಪೋರ್ಟ್‌ಗೆ ಹೆಲಿಕಾಪ್ಟರ್ ಕೆಲವೇ ನಿಮಿಷದಲ್ಲಿ ತಲುಪ್ಸುತ್ತೆ. ಲೂಟನ್ ಉತ್ತರಕ್ಕೆ, ಜೆಟ್‌ಗಳ ಸಂಖ್ಯೆ ಅಲ್ಲೂ ಜಾಸ್ತಿ, ಆದ್ರೆ ಅಗ್ಗದ ಏರ್‌ಲೈನ್‌ಗಳ ಜೊತೆ ಒಂದೇ ರನ್‌ವೇ ಹಂಚ್ಕೋಬೇಕು. ಸ್ಟಾನ್‌ಸ್ಟೆಡ್ ಈಶಾನ್ಯಕ್ಕೆ, ಮೂರು ಕಿಲೋಮೀಟರ್ ಉದ್ದದ ರನ್‌ವೇ, ಇಪ್ಪತ್ನಾಲ್ಕು ಗಂಟೆನೂ ತೆಗೆದಿರುತ್ತೆ, ಹಾಗಾಗಿ ಖಂಡ ದಾಟಿ ಬರೋ ದೊಡ್ಡ ಜೆಟ್‌ಗಳು, ಹೊತ್ತಲ್ಲದ ಹೊತ್ತಲ್ಲಿ ಬರೋರು ಬಹಳಷ್ಟು ಸಲ ಇಲ್ಲಿಗೇ ಬರ್ತಾರೆ. ನಾರ್ತೋಲ್ಟ್ ಅಂತ ಇನ್ನೊಂದು, ಹೀಥ್ರೂ ಹತ್ರಾನೇ, ರಾಯಲ್ ಏರ್‌ಫೋರ್ಸ್‌ನ ನೆಲೆ ಅದು, 1915ರಿಂದ ಇದೆ, ವರ್ಷಕ್ಕೆ 12,000 ನಾಗರಿಕ ವಿಮಾನ ಸಂಚಾರಕ್ಕೆ ಮಾತ್ರ ಅವಕಾಶ. ಎಲಿಜಬೆತ್ ರಾಣಿಯ ಪಾರ್ಥಿವ ಶರೀರವನ್ನ 2022ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದಿಂದ ತಂದು ಇಳಿಸಿದ್ದು ಅಲ್ಲೇ.

ಇಷ್ಟರಲ್ಲಿ ನಮ್ಮ ನಾಲ್ಕು ಜನಕ್ಕೆ ಯಾವ್ದು? ಕ್ಯಾನರಿ ವಾರ್ಫ್ ಪೂರ್ವ ಲಂಡನ್‌ನಲ್ಲಿದೆ, ಹಾಗಾಗಿ ಬಿಗಿನ್ ಹಿಲ್ ಅಥವಾ ಸ್ಟಾನ್‌ಸ್ಟೆಡ್ ಸರಿ. ಫಾರ್ನ್‌ಬರೋದ ಟರ್ಮಿನಲ್ ಎಷ್ಟು ಚೆಂದ ಇದ್ರೂ ಅಲ್ಲಿಂದ ಪೂರ್ವಕ್ಕೆ ಇಡೀ ಲಂಡನ್ ದಾಟಿ ಬರ್ಬೇಕು, ಗಾಳಿಯಲ್ಲಿ ಉಳಿಸಿದ ಹೊತ್ತೆಲ್ಲಾ ಟ್ರಾಫಿಕ್‌ನಲ್ಲಿ ಹೋಗುತ್ತೆ. ಅವರಿಗೆ ಲಂಡನ್‌ನ ಪಶ್ಚಿಮಕ್ಕಿರೋ ವಿಂಡ್ಸರ್ ಕಡೆ ಕೆಲಸ ಇದ್ದಿದ್ರೆ ಉತ್ತರ ತಲೆಕೆಳಗಾಗ್ತಿತ್ತು.

ಈಗ ಸ್ಲಾಟ್ ವಿಷಯ. ಇಲ್ಲಿ ಬಹಳ ಜನ ಗೊಂದಲ ಮಾಡ್ಕೊಳ್ತಾರೆ, ಯಾಕಂದ್ರೆ ಒಂದೇ ಪದ, ಅರ್ಥ ಎರಡು.

ಮೊದಲನೇದು ಏರ್‌ಪೋರ್ಟ್ ಸ್ಲಾಟ್. ಹೀಥ್ರೂ, ಗ್ಯಾಟ್‌ವಿಕ್, ಲೂಟನ್, ಸ್ಟಾನ್‌ಸ್ಟೆಡ್, ಲಂಡನ್ ಸಿಟಿ ಈ ಐದರಲ್ಲೂ ಬೇಡಿಕೆ ಜಾಗಕ್ಕಿಂತ ಹೆಚ್ಚು, ಹಾಗಾಗಿ ಇಂಥ ಹೊತ್ತಲ್ಲಿ ಇಳೀತೀನಿ, ಇಂಥ ಹೊತ್ತಲ್ಲಿ ಹೊರಡ್ತೀನಿ ಅಂತ ಮೊದಲೇ ಜಾಗ ಹಿಡೀಬೇಕು. ಅದನ್ನ ಹಂಚೋದು ಏರ್‌ಪೋರ್ಟ್‌ನೋರಲ್ಲ, ಪ್ರತ್ಯೇಕ ಸಂಯೋಜಕ ಸಂಸ್ಥೆ. ಏರ್‌ಲೈನ್‌ಗಳು ತಿಂಗಳುಗಟ್ಟಲೆ ಮುಂಚೆ ಹಿಡಿದಿರ್ತಾವೆ, ಚಾರ್ಟರ್ ವಿಮಾನಕ್ಕೆ ಮಿಕ್ಕಿದ್ದು. ನಿಮ್ಮ ಮೀಟಿಂಗ್ ಹತ್ತೂವರೆಗೆ ಅಂತ ಸ್ಲಾಟ್ ಒಂಬತ್ತಕ್ಕೇ ಸಿಗುತ್ತೆ ಅಂತೇನಿಲ್ಲ, ಎಂಟಕ್ಕೆ ಸಿಗ್ಬೋದು, ಹತ್ತೂ ಕಾಲಿಗೆ ಸಿಗ್ಬೋದು. ಹೊರಡೋ ಕಡೆನೂ ಇದೇ ಕಥೆ, ಸ್ಕೀ ಸೀಸನ್ ಶನಿವಾರ ಭಾನುವಾರ ಜಿನೀವಾದಲ್ಲಿ ಸ್ಲಾಟ್ ಸಿಗೋದೇ ಕಷ್ಟ.

ಎರಡನೇದು ಬ್ರಸೆಲ್ಸ್‌ನಿಂದ ಬರೋದು. ಯೂರೋಪಿನ ಆಕಾಶದಲ್ಲಿ ಯಾವ ಕಡೆ ಎಷ್ಟು ವಿಮಾನ ಇದಾವೆ, ಎಷ್ಟನ್ನ ಕಂಟ್ರೋಲರ್‌ಗಳು ನಿಭಾಯಿಸ್ಬೋದು ಅಂತ ಬ್ರಸೆಲ್ಸ್‌ನಲ್ಲಿರೋ ಯೂರೋಕಂಟ್ರೋಲ್ ಸಂಸ್ಥೆ ಲೆಕ್ಕ ಇಡುತ್ತೆ. ಮಂಜು ಕವಿದ್ರೆ, ಗುಡುಗು ಮಳೆ ಆದ್ರೆ, ಫ್ರಾನ್ಸ್‌ನಲ್ಲಿ ಕಂಟ್ರೋಲರ್‌ಗಳು ಮುಷ್ಕರ ಮಾಡಿದ್ರೆ, ವಿಮಾನಗಳನ್ನ ಗಾಳಿಯಲ್ಲಿ ಸುತ್ತಿಸೋ ಬದಲು ನೆಲದ ಮೇಲೇ ಕಾಯಿಸ್ತಾರೆ. ನಿಮ್ಮ ವಿಮಾನಕ್ಕೆ ಒಂದು ಟೇಕಾಫ್ ಸಮಯ ಕೊಡ್ತಾರೆ, 8:40 ಅಂತಿಟ್ಕೊಳ್ಳಿ. ಅದಕ್ಕೆ ಐದು ನಿಮಿಷ ಮುಂಚೆಯಿಂದ ಹತ್ತು ನಿಮಿಷ ಆದ್ಮೇಲಿನವರೆಗೆ, ಅಂದ್ರೆ 8:35ರಿಂದ 8:50ರ ಒಳಗೆ ಚಕ್ರ ನೆಲ ಬಿಡ್ಬೇಕು. ಬಿಡ್ಲಿಲ್ವಾ, ಹೊಸ ಸಮಯ ಕೇಳ್ಕೊಂಡು ಕಾಯ್ಬೇಕು, ಅದು ಹತ್ತು ನಿಮಿಷ ಆಗ್ಬೋದು, ಒಂದು ಗಂಟೆನೂ ಆಗ್ಬೋದು.

ಆ ಬೆಳಗ್ಗೆ ಜಿನೀವಾದಲ್ಲಿ ಹೀಗಿರುತ್ತೆ ನೋಡಿ. ರಾತ್ರಿ ಹಿಮ ಬಿದ್ದಿದೆ, ರೆಕ್ಕೆ ಮೇಲೆ ತೆಳ್ಳಗೆ ಬಿಳೀ ಪದರ. ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಆ ಪದರ ರೆಕ್ಕೆ ಮೇಲಿನ ಗಾಳಿಯ ಹರಿವನ್ನೇ ಕೆಡ್ಸುತ್ತೆ, ಅದು ಪೂರ್ತಿ ಹೋಗೋವರೆಗೂ ವಿಮಾನ ಏಳೋ ಹಾಗಿಲ್ಲ. ಬಿಸಿ ದ್ರಾವಣ ಸಿಂಪಡಿಸೋ ಲಾರಿಗೆ ಸಾಲು ಇದೆ. ಕ್ಯಾಪ್ಟನ್ ಗಡಿಯಾರ ನೋಡ್ತಿದಾರೆ, 8:50 ದಾಟಿದ್ರೆ ಸ್ಲಾಟ್ ಹೋಯ್ತು, ಹಾಗಂತ ಬೇಗ ಸಿಂಪಡಿಸ್ಕೊಂಡು ಕಾದ್ರೆ ದ್ರಾವಣದ ಪರಿಣಾಮದ ಅವಧಿ ಮುಗಿದು ಮತ್ತೆ ಸಿಂಪಡಿಸ್ಬೇಕಾಗುತ್ತೆ. ಅಷ್ಟೊತ್ತಿಗೆ ನಾಲ್ವರಲ್ಲಿ ಒಬ್ರು ಹೋಟೆಲ್‌ನಿಂದ ಇನ್ನೂ ಹೊರಟಿಲ್ಲ, "ನಮ್ಮದೇ ವಿಮಾನ ತಾನೇ, ಕಾಯ್ತಾರೆ ಬಿಡಿ" ಅಂತ. ವಿಮಾನ ಕಾಯುತ್ತೆ ನಿಜ, ಬ್ರಸೆಲ್ಸ್ ಕಾಯಲ್ಲ. ಪೈಲಟ್‌ಗಳ ಡ್ಯೂಟಿ ಗಂಟೆನೂ ಕಾಯಲ್ಲ, ಇಬ್ಬರು ಪೈಲಟ್ ಇರೋ ವಿಮಾನಕ್ಕೆ ಬೆಳಗ್ಗೆ ಒಳ್ಳೇ ಹೊತ್ತಲ್ಲಿ ಶುರು ಮಾಡಿದ್ರೂ ಸಾಮಾನ್ಯವಾಗಿ ದಿನಕ್ಕೆ 13 ಗಂಟೆ ಮಿತಿ, ಬೇಗ ಎದ್ದು ಬಂದಿದ್ರೆ ಇನ್ನೂ ಕಮ್ಮಿ. ಬೆಳಗ್ಗೆ ಎರಡು ಗಂಟೆ ತಡ ಮಾಡಿ, ರಾತ್ರಿ ವಾಪಸ್ ಬರೋಕೆ ಪೈಲಟ್ ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಅವರು ನಿಮ್ಮ ಜೀವಕ್ಕೋಸ್ಕರಾನೇ ಹೇಳ್ತಿರೋದು.

ದುಡ್ಡಿನ ಲೆಕ್ಕಕ್ಕೆ ಬರೋಣ. ಚಾರ್ಟರ್‌ನಲ್ಲಿ ಸೀಟಿಗೆ ದುಡ್ಡಲ್ಲ, ಇಡೀ ವಿಮಾನಕ್ಕೆ, ಒಬ್ರೇ ಕೂತ್ರೂ ಅಷ್ಟೇ, ಎಂಟು ಜನ ಕೂತ್ರೂ ಅಷ್ಟೇ. ಗಂಟೆ ಲೆಕ್ಕ ಅಂತಾರೆ, ಆದ್ರೆ ಯಾವ ಗಂಟೆ ಅನ್ನೋದು ಮುಖ್ಯ. ಲೆಕ್ಕ ಅರ್ಥ ಆಗೋಕೆ ಅಂತ ಗಂಟೆಗೆ 3,000 ಪೌಂಡ್ ಅಂತಿಟ್ಕೊಳ್ಳಿ. ಜಿನೀವಾದಿಂದ ಲಂಡನ್‌ಗೆ ಒಂದೂವರೆ ಗಂಟೆ, ಹಾಗಾದ್ರೆ 4,500 ಪೌಂಡ್ ಅನ್ನೋದು ಸಹಜ. ಆದ್ರೆ ಆ ವಿಮಾನದ ಮನೆ ಇರೋದು ಲೂಟನ್‌ನಲ್ಲಿ ಅಂತಾದ್ರೆ ಅದು ಮೊದಲು ಖಾಲಿ ಜಿನೀವಾಕ್ಕೆ ಹಾರ್ಬೇಕು, ಆ ಒಂದೂವರೆ ಗಂಟೆನೂ ನಿಮ್ಮ ಲೆಕ್ಕಕ್ಕೇ, 9,000 ಆಯ್ತು. ಇದರ ಮೇಲೆ ಲ್ಯಾಂಡಿಂಗ್ ಫೀ, ಹ್ಯಾಂಡ್ಲಿಂಗ್ (ಏರ್‌ಪೋರ್ಟ್‌ನಲ್ಲಿ ವಿಮಾನ ನೋಡ್ಕೊಳ್ಳೋ ಸೇವೆ), ಪಾರ್ಕಿಂಗ್, ಊಟ, ಸಿಬ್ಬಂದಿ ರಾತ್ರಿ ಉಳ್ಕೊಂಡ್ರೆ ಹೋಟೆಲ್. ಹಿಮ ತೆಗೆಸಿದ್ದಕ್ಕೆ ಬಿಲ್ ಆಮೇಲೆ ಬೇರೆ ಬರುತ್ತೆ, ಯಾಕಂದ್ರೆ ಬುಕ್ ಮಾಡೋವಾಗ ಹಿಮ ಬೀಳುತ್ತೋ ಇಲ್ವೋ ಯಾರಿಗೂ ಗೊತ್ತಿರಲ್ಲ. ಕೊಟೇಷನ್ ಬಂದಾಗ ಇದೆಲ್ಲಾ ಸೇರಿದ್ಯಾ, ಏನೇನು ಹೊರಗಿದೆ ಅಂತ ಬರಹದಲ್ಲೇ ಕೇಳಿ ತಗೊಳ್ಳಿ.

ಅದೇ ಖಾಲಿ ಹಾರಾಟ ತಿರುಗಿಸಿ ನೋಡಿದ್ರೆ ಅಗ್ಗದ ಚಾರ್ಟರ್. ಬೇರೆ ಯಾರನ್ನೋ ಜಿನೀವಾದಲ್ಲಿ ಇಳಿಸಿ ವಿಮಾನ ಹೆಂಗೂ ಲಂಡನ್‌ಗೆ ಖಾಲಿ ವಾಪಸ್ ಬರ್ಬೇಕು, ಅದನ್ನ ಎಂಪ್ಟಿ ಲೆಗ್ ಅಂತ ಕಮ್ಮಿ ರೇಟಿಗೆ ಮಾರ್ತಾರೆ. ಒಳ್ಳೇದೇ, ಆದ್ರೆ ಮೊದಲು ಬುಕ್ ಮಾಡಿದವರು ಪ್ಲಾನ್ ಬದಲಾಯಿಸಿದ್ರೆ ನಿಮ್ಮದೂ ಹೋಯ್ತು. ಮದುವೆಗೋ ಮೀಟಿಂಗಿಗೋ ತಪ್ಪದೆ ತಲುಪ್ಲೇಬೇಕು ಅನ್ನೋ ದಿನ ಅದನ್ನ ನಂಬ್ಕೋಬೇಡಿ.

ಬ್ರಿಟನ್‌ನ ಏರ್ ಪ್ಯಾಸೆಂಜರ್ ಡ್ಯೂಟಿ ಅನ್ನೋ ತೆರಿಗೆ ಇಳಿಯೋರಿಗಲ್ಲ, ಅಲ್ಲಿಂದ ಹೊರಡೋರಿಗೆ. ತಲೆಗಿಷ್ಟು ಅಂತ. ಟೇಕಾಫ್ ತೂಕ 20 ಟನ್ ಅಥವಾ ಅದಕ್ಕಿಂತ ಹೆಚ್ಚಿದ್ದು, 19ಕ್ಕಿಂತ ಕಮ್ಮಿ ಸೀಟಿರೋ ಜೆಟ್‌ಗಳಿಗೆ ಅತಿ ಹೆಚ್ಚಿನ ದರ. 2025ರ ಏಪ್ರಿಲ್‌ನಿಂದ ಅದು ಯೂರೋಪಿನಂಥ ಹತ್ತಿರದ ಪ್ರಯಾಣಕ್ಕೆ ತಲೆಗೆ 84 ಪೌಂಡ್ ಇತ್ತು, 2,000 ಮೈಲಿ ದಾಟಿ 5,500ರ ಒಳಗಿದ್ರೆ 647. 2026ರ ಏಪ್ರಿಲ್‌ಗೆ ಅದನ್ನ 142 ಮತ್ತು 1,097ಕ್ಕೆ ಏರಿಸಿದ್ರು. 2027ರ ಏಪ್ರಿಲ್‌ನಿಂದ 5.7 ಟನ್ ಮೇಲಿನ ಚಿಕ್ಕ ಜೆಟ್‌ಗಳನ್ನೂ ಇದೇ ದರಕ್ಕೆ ಸೇರಿಸೋ ತೀರ್ಮಾನ ಆಗಿದೆ. ಇದು ನ್ಯಾಯಾನೇ ಅಂತ ನಾನು ಹೇಳ್ತೀನಿ. ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್‌ಮೆಂಟ್ ಅನ್ನೋ ಯೂರೋಪಿನ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿದ ಪ್ರಕಾರ ಪ್ರೈವೇಟ್ ಜೆಟ್ ಒಬ್ಬ ಪ್ರಯಾಣಿಕನಿಗೆ ಉಗುಳೋ ಮಾಲಿನ್ಯ ಏರ್‌ಲೈನ್ ವಿಮಾನಕ್ಕಿಂತ 5ರಿಂದ 14 ಪಟ್ಟು ಹೆಚ್ಚು. ಪ್ಯಾರಿಸ್‌ನಿಂದ ಲಂಡನ್‌ಗೆ ಎರಡೂ ಕಾಲು ಗಂಟೆ ಚಿಲ್ಲರೆಯಲ್ಲಿ ಯೂರೋಸ್ಟಾರ್ ರೈಲು ಊರಿನ ಮಧ್ಯಕ್ಕೇ ತಂದು ಇಳಿಸುತ್ತೆ, ಅಲ್ಲಿ ಜೆಟ್ ತಗೊಳ್ಳೋಕೆ ಕಾರಣ ಹುಡುಕಿದ್ರೂ ನನಗೆ ಸಿಗಲ್ಲ.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಪ್ರೈವೇಟ್ ಜೆಟ್ ಅಂತ ಗಡಿ ನಿಯಮ ಏನೂ ಸಡಿಲ ಇಲ್ಲ, ವೀಸಾ ಬೇಕಾದವರಿಗೆ ವೀಸಾ, ಇಟಿಎ (ವೀಸಾ ಬೇಡದವರು ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳೋ ಪ್ರಯಾಣ ಅನುಮತಿ) ಬೇಕಾದವರಿಗೆ ಇಟಿಎ ಬೇಕೇ ಬೇಕು. ಇದರ ಜೊತೆ ಜನರಲ್ ಏವಿಯೇಷನ್ ರಿಪೋರ್ಟ್ ಅಂತ ಒಂದು ಇದೆ, ವಿಮಾನದಲ್ಲಿರೋ ಎಲ್ಲರ ಪಾಸ್‌ಪೋರ್ಟ್ ವಿವರ ಬ್ರಿಟನ್‌ಗೆ ಮೊದಲೇ ಕಳಿಸೋದು. 2024ರ ಏಪ್ರಿಲ್‌ನಿಂದ ಅದನ್ನ ಹೊರಡೋದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಆನ್‌ಲೈನ್‌ನಲ್ಲಿ ಹಾಕ್ಲೇಬೇಕು, 48 ಗಂಟೆಗಿಂತ ಮುಂಚೆ ಹಾಕೋ ಹಾಗಿಲ್ಲ, ತಪ್ಪಿದ್ರೆ 10,000 ಪೌಂಡ್‌ವರೆಗೆ ದಂಡ. ವಿಮಾನ ಹಾರಿಸೋ ಕಂಪನಿ, ಅಂದ್ರೆ ಆಪರೇಟರೇ ಹಾಕ್ತಾರೆ, ಆದ್ರೆ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ಕೊಡೋದು ನಿಮ್ಮ ಜವಾಬ್ದಾರಿ. ಕೊನೇ ಗಳಿಗೆಯಲ್ಲಿ ಐದನೇಯವರನ್ನ ಕರ್ಕೊಂಡು ಬಂದ್ರೆ ಏನಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ. ನಾಯಿ ಜೊತೆಗಿದ್ರೆ ಅನುಮತಿ ಇರೋ ಏರ್‌ಪೋರ್ಟ್‌ಗೇ ಹೋಗ್ಬೇಕು, ಮೈಕ್ರೋಚಿಪ್, ರೇಬಿಸ್ ಲಸಿಕೆ, ಮೇಲಿಂದ ತಲುಪೋದಕ್ಕೆ 24ರಿಂದ 120 ಗಂಟೆ ಒಳಗೆ ಲಾಡಿಹುಳದ ಔಷಧಿ ಪಶುವೈದ್ಯರೇ ಕೊಟ್ಟು ಬರೆದಿರ್ಬೇಕು.

ಕೊನೇಗೆ ಇಟ್ಕೊಂಡಿರೋ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಮಾತಾಡೋ ಬ್ರೋಕರ್ ಸಾಮಾನ್ಯವಾಗಿ ವಿಮಾನ ಹಾರಿಸೋರಲ್ಲ, ಅವರು ಮಧ್ಯವರ್ತಿ. ಹಾರಿಸೋದು ಆಪರೇಟರ್. ದುಡ್ಡು ತಗೊಂಡು ಜನರನ್ನ ಹಾರಿಸ್ಬೇಕಾದ್ರೆ ಆಪರೇಟರ್ ಹತ್ರ ಏರ್ ಆಪರೇಟರ್ ಸರ್ಟಿಫಿಕೇಟ್ ಇರ್ಬೇಕು, ಎಒಸಿ ಅಂತಾರೆ. ಅದಿದ್ರೆ ಪೈಲಟ್‌ಗಳ ಪರೀಕ್ಷೆ, ವಿಶ್ರಾಂತಿ, ವಿಮಾನದ ರಿಪೇರಿ, ಇನ್ಶೂರೆನ್ಸ್ ಎಲ್ಲದರ ಮೇಲೂ ಸರ್ಕಾರದ ಕಣ್ಣಿರುತ್ತೆ. ಇಲ್ದಿದ್ರೆ, ಯಾರದ್ದೋ ಸ್ವಂತ ವಿಮಾನ, ಯಾರೋ ಪರಿಚಯದ ಪೈಲಟ್.

2019ರ ಜನವರಿ 21ರ ರಾತ್ರಿ ಎಮಿಲಿಯಾನೋ ಸಾಲ ಅನ್ನೋ 28 ವರ್ಷದ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಫ್ರಾನ್ಸ್‌ನ ನಾಂಟ್‌ನಿಂದ ಕಾರ್ಡಿಫ್‌ಗೆ ಹೊರಟಿದ್ದ. ಆಗ ತಾನೇ ಹೊಸ ಕ್ಲಬ್ ಸೇರಿದ್ದ, ಹಳೇ ತಂಡದ ಗೆಳೆಯರಿಗೆ ವಿದಾಯ ಹೇಳೋಕೆ ಅಂತ ಹೋಗಿದ್ದ. ಅದು ಜೆಟ್ ಅಲ್ಲ, ಒಂದೇ ಎಂಜಿನ್‌ನ ಪೈಪರ್ ಮಾಲಿಬು. ಗರ್ನ್‌ಸಿ ಹತ್ರ ಸಮುದ್ರಕ್ಕೆ ಬಿತ್ತು, ಅವನೂ ಹೋದ, ಪೈಲಟ್ಟೂ ಹೋದ. ಬ್ರಿಟನ್‌ನ ಅಪಘಾತ ತನಿಖಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯಲ್ಲಿ, ಆ ಹಾರಾಟಕ್ಕೆ ದುಡ್ಡು ತಗೊಂಡು ಹಾರಿಸೋ ಅನುಮತಿ ಇರ್ಲಿಲ್ಲ, ಆ ಪೈಲಟ್‌ಗೆ ರಾತ್ರಿ ಹಾರಿಸೋ ಅರ್ಹತೆನೂ ಇರ್ಲಿಲ್ಲ, ಎಂಜಿನ್‌ನ ಹೊಗೆಯಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಪೈಲಟ್‌ನ ಆವರಿಸಿದ್ದಿರ್ಬೋದು ಅಂತ ಇದೆ. ಹಾರಾಟ ಏರ್ಪಾಡು ಮಾಡಿದವನಿಗೆ 2021ರಲ್ಲಿ 18 ತಿಂಗಳ ಜೈಲಾಯ್ತು. ಆ ಹುಡುಗನಿಗೆ ಇದ್ಯಾವ್ದೂ ಗೊತ್ತಿರೋ ಸಾಧ್ಯತೆ ಇರ್ಲಿಲ್ಲ, ವಿಮಾನ ಇದೆ ಬಾ ಅಂದ್ರು, ಹತ್ತಿದ.

ಹಾಗಾಗಿ ದುಡ್ಡು ಕಳಿಸೋ ಮುಂಚೆ ಬ್ರೋಕರ್ ಹತ್ರ ಆಪರೇಟರ್‌ನ ಹೆಸರು, ವಿಮಾನದ ಬಾಲದ ಮೇಲಿನ ನೋಂದಣಿ ನಂಬರ್, ಎಒಸಿ ಪ್ರತಿ, ಇನ್ಶೂರೆನ್ಸ್ ಪ್ರತಿ ಕೇಳಿ. ಎಒಸಿಗೆ ಒಂದು ಪಟ್ಟಿ ಲಗತ್ತಾಗಿರುತ್ತೆ, ಯಾವ್ಯಾವ ವಿಮಾನಕ್ಕೆ ಅದು ಅನ್ವಯ ಅಂತ, ನಿಮಗೆ ಕೊಟ್ಟ ನಂಬರ್ ಅದರಲ್ಲಿ ಇದ್ಯಾ ನೋಡಿ. ಬ್ರಿಟನ್‌ನ ಆಪರೇಟರ್ ಆದ್ರೆ ಎಒಸಿ ಇರೋರ ಪಟ್ಟಿನ ಅಲ್ಲಿನ ಸಿವಿಲ್ ಏವಿಯೇಷನ್ ಅಥಾರಿಟಿ ವೆಬ್‌ಸೈಟ್‌ನಲ್ಲೇ ಹಾಕಿರ್ತಾರೆ. ಹೊರದೇಶದ ಆಪರೇಟರ್ ಆದ್ರೆ ಬ್ರಿಟನ್‌ಗೆ ಹಾರೋಕೆ ಬೇಕಾದ ಪರವಾನಗಿ ಇದ್ಯಾ ಅಂತಾನೂ ಕೇಳಿ, ಬ್ರೆಕ್ಸಿಟ್ ಆದ್ಮೇಲೆ ಅದು ಬೇರೆನೇ ಆಗಿದೆ, ಯೂರೋಪಿನ ಆಪರೇಟರ್ ನಿಮ್ಮನ್ನ ಜಿನೀವಾದಿಂದ ಲಂಡನ್‌ಗೆ ತಂದು, ಮಾರನೇ ದಿನ ಲಂಡನ್‌ನಿಂದ ಎಡಿನ್‌ಬರೋಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ಆ ಎರಡನೇ ಹಾರಾಟಕ್ಕೆ ಅನುಮತಿ ಎಲ್ಲಿದೆ ತೋರ್ಸಿ ಅನ್ನಿ. ನೇರವಾಗಿ ಕೆಲಸ ಮಾಡೋ ಆಪರೇಟರ್‌ಗಳು ಇದನ್ನ ದಿನಾ ಕಳಿಸ್ತಾನೇ ಇರ್ತಾರೆ, ಹತ್ತು ನಿಮಿಷದ ಕೆಲಸ ಅವರಿಗೆ. ಸಂಜೆವರೆಗೂ ಕಳಿಸ್ಲಿಲ್ಲ, ಅದೇನಕ್ಕೆ ನಿಮಗೆ ಅಂದ್ರು ಅಂದ್ರೆ, ರೇಟ್ ಎಷ್ಟೇ ಕಮ್ಮಿ ಇರ್ಲಿ, ಆ ವಿಮಾನ ಹತ್ತ್‌ಬೇಡಿ.